ಅರ್ಧ ಮೈಲಿಯಿಂದ ಹತ್ತು ಮೈಲಿಗೆ: ಸಿಡ್ನಿ ವುಡರ್ಸನ್

ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷಗಳಲ್ಲಿ ಇಂಗ್ಲೆಂಡಿನ ಮಧ್ಯಮ ದೂರದ ಓಟಗಾರರು ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ಗಳಿಸಿದ ಯಶಸ್ಸು ಆ ದೇಶದ ಕ್ರೀಡಾಚರಿತ್ರೆಯಲ್ಲಿ ಮತ್ತೆ ಸುಲಭವಾಗಿ ಕಾಣಸಿಗದಂಥದು. 1920ರ ಆ್ಯಂಟ್‌ವರ್ಪ್ ಕೂಟದಲ್ಲಿ ಆಲ್ಬರ್ಟ್ ಹಿಲ್ 800 ಮತ್ತು 1500 ಮೀಟರ್ ಓಟಗಳೆರಡರಲ್ಲೂ ಚಿನ್ನ ಗೆದ್ದರು. 1924ರ ಪ್ಯಾರಿಸ್ ಮತ್ತು 1928ರ ಆ್ಯಮ್‌ಸ್ಟರ್‌ಡ್ಯಾಮ್ ಕೂಟಗಳಲ್ಲಿ 800 ಮೀಟರಿನ ಚಿನ್ನ ಡಗ್ಲಸ್ ಲೋ ಅವರ ಪಾಲಾಯಿತು. 1932ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಟಾಮಿ ಹ್ಯಾಂಪ್ಸನ್ ಅದೇ ಓಟವನ್ನು ಗೆದ್ದುದಲ್ಲದೆ, ಆ ದೂರವನ್ನು 1 ನಿಮಿಷ 50 ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಮುಗಿಸಿದ ಮೊದಲಿಗರೆನಿಸಿಕೊಂಡರು. ಹೀಗೆ ಸತತವಾಗಿ ನಾಲ್ಕು ಕೂಟಗಳಲ್ಲಿ ಒಂದೇ ದೂರದ ಚಿನ್ನ ಒಂದೇ ದೇಶಕ್ಕೆ ಸಂದಿತ್ತು. ಆದರೆ ಆ ಕಾಲದ ಇಂಗ್ಲಿಷ್ ಓಟಗಾರರಲ್ಲಿ ಅತ್ಯಂತ ವಿಸ್ತಾರವಾದ ಸಾಮರ್ಥ್ಯ ಯಾರದು ಎಂದು ಕೇಳಿದರೆ ಉತ್ತರವಾಗಿ ಹೇಳಬೇಕಾದ ಹೆಸರು ಈ ಮೂವರದೂ ಅಲ್ಲ. ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಪದಕವನ್ನೂ ಪಡೆಯದ, ಲಂಡನ್ನಿನ ವಕೀಲ ವೃತ್ತಿಯವರಾದ ಸಿಡ್ನಿ ವುಡರ್ಸನ್ ಅವರದು.

ಮಧ್ಯಮ ದೂರದ ಓಟ ಎಂದರೆ ಸಾಮಾನ್ಯವಾಗಿ 800 ಮೀಟರ್, 1500 ಮೀಟರ್ ಮತ್ತು ಒಂದು ಮೈಲಿಯ ಓಟಗಳು. ಬ್ರಿಟನ್ನಿನಲ್ಲಿ ಆಗ ಗಜ ಮತ್ತು ಮೈಲಿಯ ಅಳತೆಗಳೇ ಬಳಕೆಯಲ್ಲಿದ್ದುದರಿಂದ 800 ಮೀಟರಿನ ಜಾಗದಲ್ಲಿ 880 ಗಜದ, ಎಂದರೆ ಅರ್ಧ ಮೈಲಿಯ ಓಟವೂ, 1500 ಮೀಟರಿನ ಜಾಗದಲ್ಲಿ 1760 ಗಜದ, ಎಂದರೆ ಪೂರ್ಣ ಮೈಲಿಯ ಓಟವೂ ನಡೆಯುತ್ತಿದ್ದವು. ಟ್ರ್ಯಾಕಿನ ಒಂದು ಸುತ್ತು 440 ಗಜವಾದ್ದರಿಂದ ಮೈಲಿಗೆ ಸರಿಯಾಗಿ ನಾಲ್ಕು ಸುತ್ತು. ನೂರು ಮೀಟರ್ ಓಡುವವರು ಉಸಿರಿನ ಚಿಂತೆಯಿಲ್ಲದೆ ಇದ್ದಬದ್ದ ಶಕ್ತಿಯನ್ನೆಲ್ಲ ಒಮ್ಮೆಗೇ ಸುರಿಯಬಹುದು, ಹತ್ತು ಸಾವಿರ ಮೀಟರ್ ಓಡುವವರು ಉಸಿರಿಗೆ ಹೊಂದಿದ ವೇಗವನ್ನು ಹಿಡಿದು ಸಾಗಬಹುದು. ಮಧ್ಯಮ ದೂರದವರಿಗೆ ಮಾತ್ರ ಈ ಎರಡೂ ಅನುಕೂಲಗಳಿಲ್ಲ. ಅರ್ಧ ಮೈಲಿ ಓಡುವಾಗ ದೇಹಕ್ಕೆ ಬೇಕಾಗುವ ಆಮ್ಲಜನಕವನ್ನು ಶ್ವಾಸಕೋಶಗಳು ಪೂರ್ತಿಯಾಗಿ ಒದಗಿಸಲಾರವು, ಕೊರತೆಯನ್ನು ಸ್ನಾಯುಗಳು ಸಾಲದಂತೆ ಹೊತ್ತುಕೊಳ್ಳುತ್ತವೆ, ಆ ಸಾಲದ ಭಾರ ಕೊನೆಯ ಇನ್ನೂರು ಗಜಗಳಲ್ಲಿ ಕಾಲುಗಳನ್ನು ಸೀಸದಂತಾಗಿಸುತ್ತದೆ. ಆದ್ದರಿಂದಲೇ ಅರ್ಧ ಮೈಲಿಯಲ್ಲಿ ವಿಶ್ವದಾಖಲೆ ಮಾಡಬಲ್ಲ ದೇಹಪ್ರಕೃತಿಯೂ ಹತ್ತು ಮೈಲಿ ಕೆಸರಿನಲ್ಲಿ ಓಡಿ ಗೆಲ್ಲಬಲ್ಲ ದೇಹಪ್ರಕೃತಿಯೂ ಒಬ್ಬರಲ್ಲೇ ಕೂಡಿರುವುದು ತೀರ ಅಪರೂಪ. ವುಡರ್ಸನ್ ಅವರಲ್ಲಿ ಅವು ಕೂಡಿದ್ದವು.

ಅವರು ಹುಟ್ಟಿದ್ದು 1914ರ ಆಗಸ್ಟ್ 30ರಂದು, ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ, ಬ್ರಿಟನ್ ಮೊದಲ ಮಹಾಯುದ್ಧಕ್ಕೆ ಇಳಿದು ತಿಂಗಳೂ ತುಂಬದಿದ್ದಾಗ. ಕೆಂಟ್ ಪ್ರಾಂತದ ಸಟನ್ ವ್ಯಾಲೆನ್ಸ್ ಶಾಲೆಯಲ್ಲಿ ಓದುತ್ತಿದ್ದ ಅವರು 1933ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಒಂದು ಮೈಲಿಯನ್ನು 4 ನಿಮಿಷ 29.8 ಸೆಕೆಂಡುಗಳಲ್ಲಿ ಓಡಿದರು. ಬ್ರಿಟನ್ನಿನ ಶಾಲಾ ಹುಡುಗರಲ್ಲಿ ನಾಲ್ಕೂವರೆ ನಿಮಿಷದ ಗೆರೆಯನ್ನು ದಾಟಿದವರಲ್ಲಿ ಅವರೇ ಮೊದಲಿಗರು. ಎತ್ತರ ಐದಡಿ ಆರಂಗುಲ, ತೂಕ 57 ಕಿಲೋಗೂ ಕಡಿಮೆ, ಮೈಕಟ್ಟು ಕೃಶವಾದದ್ದು, ಕಣ್ಣಿಗೆ ಕನ್ನಡಕ, ಸ್ವಭಾವ ಸಂಕೋಚದ್ದು: ಕಚೇರಿಯ ಉಡುಪಿನಲ್ಲಿ ಅವರನ್ನು ಕಂಡವರು ಗುಮಾಸ್ತರೆಂದುಕೊಳ್ಳಬಹುದಿತ್ತೇ ಹೊರತು ಕ್ರೀಡಾಪಟುವೆಂದು ಊಹಿಸುವ ಸಾಧ್ಯತೆಯಿರಲಿಲ್ಲ. ಪತ್ರಿಕೆಗಳು ಅವರನ್ನು 'ಮೈಟಿ ಆ್ಯಟಮ್', ಎಂದರೆ ಪ್ರಚಂಡ ಅಣು ಎಂದು ಕರೆದುದರ ಹಿಂದೆ ಮೆಚ್ಚುಗೆಯಷ್ಟೇ ಈ ಬೆರಗೂ ಇತ್ತು.

ಅವರು ಸೇರಿದ ಸಂಘ ಬ್ಲ್ಯಾಕ್‌ಹೀತ್ ಹ್ಯಾರಿಯರ್ಸ್. ಹ್ಯಾರಿಯರ್ ಎಂಬುದು ಮೂಲತಃ ಮೊಲದ ಬೇಟೆಗೆ ಬಳಸುವ ನಾಯಿಯ ಹೆಸರು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಬ್ಬಿಬ್ಬರು ಮೊಲಗಳಾಗಿ ಕಾಗದದ ಚೂರುಗಳನ್ನು ಉದುರಿಸುತ್ತ ಹೊಲ, ಹಳ್ಳ, ಬೇಲಿಗಳನ್ನು ದಾಟಿ ಓಡುವುದೂ, ಉಳಿದವರು ಬೇಟೆನಾಯಿಗಳಾಗಿ ಆ ಚೂರುಗಳ ಜಾಡು ಹಿಡಿದು ಬೆನ್ನಟ್ಟುವುದೂ ಒಂದು ಜನಪ್ರಿಯ ಆಟವಾಗಿತ್ತು. ಅದಕ್ಕಾಗಿ ಹುಟ್ಟಿದ ಕೂಟಗಳೇ ಕಾಲಕ್ರಮದಲ್ಲಿ ಅಥ್ಲೆಟಿಕ್ ಸಂಘಗಳಾದವು. ಬ್ಲ್ಯಾಕ್‌ಹೀತ್‌ನ ಸಂಘವೂ 1869ರಲ್ಲಿ ಪೆಕಮ್ ಎಂಬಲ್ಲಿ ಇಂಥ ಮೊಲ-ಬೇಟೆನಾಯಿಗಳ ಕೂಟವಾಗಿಯೇ ಆರಂಭವಾದದ್ದು. ಇಂಥ ಸಂಘಗಳ ಮಹತ್ವವನ್ನು ತಿಳಿಯಲು ಆ ಕಾಲದ ಸಾಮಾಜಿಕ ಹಿನ್ನೆಲೆಯನ್ನು ಗಮನಿಸಬೇಕಾಗುತ್ತದೆ. ಲೋ ಕೇಂಬ್ರಿಜ್‌ನಿಂದ ಬಂದವರು, ಹ್ಯಾಂಪ್ಸನ್ ಆಕ್ಸ್‌ಫರ್ಡಿನಿಂದ ಬಂದವರು. ಹಗಲು ಹೊತ್ತಿನಲ್ಲಿ ಅಭ್ಯಾಸ ಮಾಡುವಷ್ಟು ಬಿಡುವು, ಒಳ್ಳೆಯ ಟ್ರ್ಯಾಕು, ಸರಿಸಾಟಿಯಾದ ಜೊತೆಗಾರರು ಎಲ್ಲವೂ ಆ ವಿಶ್ವವಿದ್ಯಾಲಯಗಳಲ್ಲಿ ದೊರೆಯುತ್ತಿದ್ದವು. ಅಲ್ಲಿಗೆ ಹೋಗದವರಿಗೆ, ಕೆಲಸ ಮುಗಿಸಿ ಸಂಜೆ ಓಡಬೇಕಾದವರಿಗೆ, ಹ್ಯಾರಿಯರ್ಸ್ ಸಂಘಗಳೇ ಆಸರೆ. ಹವ್ಯಾಸಿತನದ ನಿಯಮವಂತೂ ಎಲ್ಲರಿಗೂ ಒಂದೇ ಆಗಿತ್ತು: 1880ರಲ್ಲಿ ಸ್ಥಾಪನೆಯಾದ ಅಮೆಚೂರ್ ಅಥ್ಲೆಟಿಕ್ ಅಸೋಸಿಯೇಷನ್ನಿನ ಕಟ್ಟಳೆಯಂತೆ ಓಟಕ್ಕಾಗಿ ಹಣ ಪಡೆದವರು ಹವ್ಯಾಸಿಗಳ ಪಂಕ್ತಿಯಿಂದ ಹೊರಬೀಳುತ್ತಿದ್ದರು. ಹಣವಂತರಿಗೆ ಈ ನಿಯಮ ಆದರ್ಶವಾಗಿ ಕಂಡಿತು, ದುಡಿದು ಉಣ್ಣುವವರಿಗೆ ಅದು ಹೊರೆಯಾಗಿತ್ತು ಎಂಬ ಮಾತನ್ನೂ ಇಲ್ಲಿ ಸೇರಿಸಿ ಹೇಳಬೇಕು.

ವುಡರ್ಸನ್ ಅವರ ತರಬೇತುದಾರರು ಬೇರಾರೂ ಅಲ್ಲ, ಆ್ಯಂಟ್‌ವರ್ಪ್‌ನಲ್ಲಿ ಎರಡು ಚಿನ್ನ ಗೆದ್ದ ಆಲ್ಬರ್ಟ್ ಹಿಲ್. ಹಿಲ್ ಅವರನ್ನು ತಿದ್ದಿದವರು ಸ್ಯಾಮ್ ಮುಸಾಬಿನಿ. 1924ರ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಗೆದ್ದ ಹೆರಾಲ್ಡ್ ಅಬ್ರಹಾಮ್ಸ್ ಅವರ ಗುರುವೂ ಅವರೇ ಆಗಿದ್ದು, 'ಚಾರಿಯಟ್ಸ್ ಆಫ್ ಫೈರ್' ಚಲನಚಿತ್ರವನ್ನು ನೋಡಿದವರಿಗೆ ಆ ಹೆಸರು ನೆನಪಿರಬಹುದು. ಹೀಗೆ ಮುಸಾಬಿನಿಯಿಂದ ಹಿಲ್‌ಗೆ, ಹಿಲ್‌ನಿಂದ ವುಡರ್ಸನ್‌ಗೆ ಒಂದು ಗುರುಪರಂಪರೆಯೇ ಹರಿದು ಬಂದಿತ್ತು. ಸಂಘದ ಕಪ್ಪು ಬನಿಯನ್ನು ತೊಟ್ಟು ಓಡುತ್ತಿದ್ದ ವುಡರ್ಸನ್ ಅವರ ತಂತ್ರ ನೋಡುವುದಕ್ಕೆ ಸರಳ: ಮುಂದಿರುವವರ ಹಿಂದೆಯೇ ಅಂಟಿಕೊಂಡು, ಎದುರುಗಾಳಿಯ ಹೊಡೆತವನ್ನು ಅವರಿಗೆ ಬಿಟ್ಟು, ಕೊನೆಯ ಸುತ್ತಿನ ಇನ್ನೂರು, ಮುನ್ನೂರು ಗಜ ಉಳಿದಾಗ ಒಮ್ಮೆಗೇ ವೇಗ ಏರಿಸುವುದು. ಈ ಕೊನೆಯ ಏರಿಕೆ ಯಾವ ಮೈಲಿ ಓಟಗಾರನಿಗೂ ಬೇಕಾದದ್ದೇ. ವುಡರ್ಸನ್ ಅವರಲ್ಲಿ ವಿಶೇಷವಾಗಿ ಕಂಡದ್ದು ಅದು ಬರುತ್ತಿದ್ದ ಹಠಾತ್ತನೆಯ ರೀತಿ.

1934ರಲ್ಲಿ ಲಂಡನ್ನಿನಲ್ಲಿ ನಡೆದ ಎಂಪೈರ್ ಕ್ರೀಡಾಕೂಟದಲ್ಲಿ, ಎಂದರೆ ಇಂದಿನ ಕಾಮನ್‌ವೆಲ್ತ್ ಕ್ರೀಡಾಕೂಟದ ಪೂರ್ವರೂಪದಲ್ಲಿ, ಮೈಲಿ ಓಟದ ಚಿನ್ನ ನ್ಯೂಜಿಲೆಂಡಿನ ಜ್ಯಾಕ್ ಲವ್‌ಲಾಕ್ ಅವರಿಗೂ ಬೆಳ್ಳಿ ಹತ್ತೊಂಬತ್ತರ ತರುಣ ವುಡರ್ಸನ್ ಅವರಿಗೂ ದೊರೆಯಿತು. ಆಕ್ಸ್‌ಫರ್ಡಿನಲ್ಲಿ ವೈದ್ಯಶಾಸ್ತ್ರ ಓದಿದ ಲವ್‌ಲಾಕ್ ಆ ಹೊತ್ತಿಗೆ ಮೈಲಿಯ ವಿಶ್ವದಾಖಲೆಯನ್ನು ಒಮ್ಮೆ ಹಿಡಿದಿದ್ದವರು, ಓಟವೊಂದನ್ನು ಚದುರಂಗದಂತೆ ಮೊದಲೇ ಲೆಕ್ಕ ಹಾಕಿ ಆಡುವವರೆಂದು ಹೆಸರಾದವರು. ಮರುವರ್ಷ ಅಮೆಚೂರ್ ಅಸೋಸಿಯೇಷನ್ನಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ವುಡರ್ಸನ್ ಲವ್‌ಲಾಕ್ ಅವರನ್ನು ಸೋಲಿಸಿದರು, 1936ರಲ್ಲಿ ಮತ್ತೆ ಸೋಲಿಸಿದರು. ಆ ಪ್ರಶಸ್ತಿ 1935ರಿಂದ 1939ರ ವರೆಗೆ ಐದು ವರ್ಷವೂ ವುಡರ್ಸನ್ ಅವರ ಕೈಬಿಡಲಿಲ್ಲ. ಆದ್ದರಿಂದ 1936ರ ಬರ್ಲಿನ್ ಒಲಿಂಪಿಕ್ಸ್‌ನ 1500 ಮೀಟರ್ ಓಟ ಇವರಿಬ್ಬರ ನಡುವಿನ ಲೆಕ್ಕ ಚುಕ್ತಾ ಆಗುವ ಸಂದರ್ಭವೆಂದು ನಿರೀಕ್ಷಿಸಲಾಗಿತ್ತು. ಆದರೆ ಕಣಕಾಲಿನ ಗಾಯದೊಂದಿಗೇ ಬರ್ಲಿನ್ನಿಗೆ ಹೋಗಿದ್ದ ವುಡರ್ಸನ್ ಅರ್ಹತಾ ಸುತ್ತಿನಲ್ಲೇ ಕುಂಟುತ್ತ ಹಿಂದುಳಿದು ಹೊರಬಿದ್ದರು, ಮೂಳೆಯಲ್ಲಿ ಬಿರುಕು ಬಿಟ್ಟಿರುವುದು ಆಮೇಲೆ ಗೊತ್ತಾಯಿತು. ಅಂತಿಮ ಓಟವನ್ನು ಲವ್‌ಲಾಕ್ 3 ನಿಮಿಷ 47.8 ಸೆಕೆಂಡುಗಳ ವಿಶ್ವದಾಖಲೆಯೊಂದಿಗೆ ಗೆದ್ದರು. ವುಡರ್ಸನ್ ಅವರ ಬದುಕಿನ ಒಲಿಂಪಿಕ್ ಅಧ್ಯಾಯ ಇಷ್ಟೇ.

ಅದಾದ ಒಂದು ವರ್ಷಕ್ಕೆ, 1937ರ ಆಗಸ್ಟ್ 28ರಂದು, ಲಂಡನ್ನಿನ ನೈರುತ್ಯ ಅಂಚಿನ ಮಾಟ್ಸ್‌ಪರ್ ಪಾರ್ಕ್ ಎಂಬಲ್ಲಿ ನಡೆದ ಓಟವನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು. ಲಂಡನ್ ವಿಶ್ವವಿದ್ಯಾಲಯಕ್ಕೆ ಸೇರಿದ ಅಲ್ಲಿನ ಟ್ರ್ಯಾಕು ಆ ಕಾಲದ ಬಹುತೇಕ ಟ್ರ್ಯಾಕುಗಳಂತೆ ಸಿಂಡರಿನದು, ಎಂದರೆ ಉರಿದ ಕಲ್ಲಿದ್ದಲಿನ ಕಿಟ್ಟವನ್ನು ಪುಡಿಮಾಡಿ ಹಾಸಿ, ರೋಲರ್ ಹೊಡೆದು ಗಟ್ಟಿ ಮಾಡಿದ್ದು; ಮಳೆ ಬಿದ್ದರೆ ಮೆತ್ತಗಾಗಿ, ಒಣಗಿದರೆ ಉದುರಾಗಿ, ಮೊಳೆಯ ಷೂಗಳು ಕೀಳುತ್ತಿದ್ದ ಆ ನೆಲದ ವೇಗವನ್ನು ಇಂದಿನ ರಬ್ಬರಿನಂಥ ಹಾಸಿನ ವೇಗಕ್ಕೆ ಹೋಲಿಸುವಂತಿಲ್ಲ. ಓಟ ಹ್ಯಾಂಡಿಕ್ಯಾಪ್ ಪದ್ಧತಿಯದು. ಈ ಪದ್ಧತಿಯಲ್ಲಿ ನಿಧಾನದ ಓಟಗಾರರಿಗೆ ಅವರವರ ಸಾಮರ್ಥ್ಯಕ್ಕೆ ತಕ್ಕಂತೆ ಹತ್ತೋ ಐವತ್ತೋ ನೂರೋ ಗಜ ಮುಂದಿನ ಗೆರೆಯನ್ನು ಕೊಡಲಾಗುತ್ತದೆ, ಎಲ್ಲರಿಗಿಂತ ಬಲ್ಲವನು ಮಾತ್ರ ಮೂಲಗೆರೆಯಿಂದ ಪೂರ್ತಿ ದೂರವನ್ನು ಓಡುತ್ತಾನೆ. ಎಲ್ಲರೂ ಒಟ್ಟಿಗೆ ಮುಗಿಸುವಂತಾದರೆ ಹಂಚಿಕೆ ಸರಿಯಾಗಿದೆ ಎಂದರ್ಥ. ಸಂಘದ ಮಟ್ಟದ ಓಟಗಳನ್ನು ರೋಚಕವಾಗಿಸಲು ಹುಟ್ಟಿದ ಈ ಏರ್ಪಾಡಿನಿಂದ ದಾಖಲೆಯ ಬೆನ್ನು ಹತ್ತಿದವರಿಗೂ ಒಂದು ಲಾಭವಿತ್ತು: ಮೂಲಗೆರೆಯವನ ಕಣ್ಣೆದುರು ಓಟದ ಉದ್ದಕ್ಕೂ ಯಾರೋ ಒಬ್ಬರು ಹಿಡಿಯಬೇಕಾದವರು ಇದ್ದೇ ಇರುತ್ತಾರೆ.

ಅಂದು ಹತ್ತು ಗಜ ಮುಂದೆ ನಿಂತಿದ್ದವರು 1930ರ ಎಂಪೈರ್ ಕ್ರೀಡಾಕೂಟದ ಮೈಲಿ ವಿಜೇತ ರೆಗ್ ಥಾಮಸ್. ಅವರ ಬೆನ್ನು ಹಿಡಿದು ವುಡರ್ಸನ್ ಮೊದಲ ಸುತ್ತನ್ನು 59 ಸೆಕೆಂಡಿಗೂ ಒಳಗೆ ಮುಗಿಸಿದರು, ನಡುವಿನ ಎರಡು ಸುತ್ತುಗಳಿಗೆ 64 ಸೆಕೆಂಡುಗಳ ಆಸುಪಾಸು ತೆಗೆದುಕೊಂಡರು, ಕಾಲು ಸೋತಿರಬೇಕಾದ ಕೊನೆಯ ಸುತ್ತನ್ನು ಮತ್ತೆ 59ರ ಹತ್ತಿರಕ್ಕೆ ತಂದರು. ಗಡಿಯಾರ ತೋರಿಸಿದ್ದು 4 ನಿಮಿಷ 6.4 ಸೆಕೆಂಡು, ಅಮೆರಿಕದ ಗ್ಲೆನ್ ಕನ್ನಿಂಗ್‌ಹ್ಯಾಮ್ 1934ರಲ್ಲಿ ಮಾಡಿದ್ದ ವಿಶ್ವದಾಖಲೆಗಿಂತ 0.4 ಸೆಕೆಂಡು ಕಡಿಮೆ. ಹ್ಯಾಂಡಿಕ್ಯಾಪ್ ಓಟದಲ್ಲಿ, ವೇಗ ಹಾಕಿಕೊಡುವವರ ನೆರವಿನಿಂದ ಮಾಡಿದ ದಾಖಲೆಗೆ ನಿಜವಾದ ಪೈಪೋಟಿಯ ಬೆಲೆಯಿಲ್ಲ ಎಂದು ಮೂಗು ಮುರಿಯುವವರೂ ಇದ್ದಾರೆ. ಈ ಆಕ್ಷೇಪದಲ್ಲಿ ಹುರುಳಿಲ್ಲವೆಂದೇ ಹೇಳಬೇಕು, ಏಕೆಂದರೆ ಮುಂದೆ 1954ರಲ್ಲಿ ರೋಜರ್ ಬ್ಯಾನಿಸ್ಟರ್ ನಾಲ್ಕು ನಿಮಿಷದ ಗೋಡೆಯನ್ನು ಒಡೆದದ್ದೂ ಇಬ್ಬರು ಗೆಳೆಯರು ಸರದಿಯಲ್ಲಿ ವೇಗ ಹಾಕಿಕೊಟ್ಟ ಓಟದಲ್ಲೇ. ಮಾಟ್ಸ್‌ಪರ್ ಪಾರ್ಕಿನ ದಾಖಲೆ ಸ್ವೀಡನ್ನಿನ ಗುಂಡರ್ ಹ್ಯಾಗ್ 1942ರ ಜುಲೈನಲ್ಲಿ ಮುರಿಯುವ ತನಕ ಸುಮಾರು ಐದು ವರ್ಷ ಉಳಿಯಿತು.

1938ರ ಆರಂಭದಲ್ಲಿ ಎಂಪೈರ್ ಕ್ರೀಡಾಕೂಟ ಆಸ್ಟ್ರೇಲಿಯದಲ್ಲಿ ನಡೆಯಿತು. ಜಗತ್ತಿನ ಅತಿವೇಗದ ಮೈಲಿ ಓಟಗಾರರಾಗಿದ್ದ ಸಿಡ್ನಿ, ಸಿಡ್ನಿ ನಗರಕ್ಕೆ ಹೋಗಲಿಲ್ಲ. ಕಾನೂನು ಪರೀಕ್ಷೆ ಎದುರಿಗಿತ್ತು, ಹಡಗಿನ ಪ್ರಯಾಣಕ್ಕೇ ವಾರಗಟ್ಟಲೆ ಹಿಡಿಯುತ್ತಿತ್ತು. ಪದಕಕ್ಕಿಂತ ಪರೀಕ್ಷೆ ಮುಖ್ಯವೆಂಬ ಈ ತೀರ್ಮಾನ ಇಂದಿನ ಓದುಗರಿಗೆ ವಿಚಿತ್ರವಾಗಿ ತೋರಿದರೂ, ಓಟದಿಂದ ಒಂದು ಪೈಸೆಯ ಆದಾಯವೂ ಇಲ್ಲದ ಹವ್ಯಾಸಿಯ ಪಾಲಿಗೆ ಅದು ಸಹಜವೇ ಆಗಿತ್ತು. ಆ ವರ್ಷದ ಆಗಸ್ಟ್ 20ರಂದು ಅದೇ ಮಾಟ್ಸ್‌ಪರ್ ಪಾರ್ಕಿನಲ್ಲಿ, ಅದೇ ಹ್ಯಾಂಡಿಕ್ಯಾಪ್ ಪದ್ಧತಿಯ ಓಟದಲ್ಲಿ, ಅವರು ಒಂದೇ ಓಟಕ್ಕೆ ಎರಡು ವಿಶ್ವದಾಖಲೆಗಳನ್ನು ಬರೆದರು. 880 ಗಜವೆಂದರೆ 804 ಮೀಟರಿಗೂ ತುಸು ಹೆಚ್ಚು. ಆದ್ದರಿಂದ 800 ಮೀಟರಿನ ಗುರುತಿನಲ್ಲಿ ಒಂದು ಗಡಿಯಾರ, ಅರ್ಧ ಮೈಲಿಯ ಗೆರೆಯಲ್ಲಿ ಇನ್ನೊಂದು ಗಡಿಯಾರ ಹಿಡಿದಿದ್ದವರು ಕ್ರಮವಾಗಿ 1 ನಿಮಿಷ 48.4 ಸೆಕೆಂಡು ಮತ್ತು 1 ನಿಮಿಷ 49.2 ಸೆಕೆಂಡು ಎಂದು ಗುರುತಿಸಿದರು. ಕೆಲವೇ ದಿನಗಳಲ್ಲಿ ಪ್ಯಾರಿಸ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ 1500 ಮೀಟರಿನ ಚಿನ್ನವೂ ಅವರದಾಯಿತು. ಅಲ್ಲಿ ಮೂರನೆಯವರಾಗಿ ಬಂದ ಇಟಲಿಯ ಲೂಯಿಜಿ ಬೆಕ್ಕಾಲಿ 1932ರ ಒಲಿಂಪಿಕ್ ವಿಜೇತರಾಗಿದ್ದವರು. 800 ಮೀಟರಿನ ದಾಖಲೆ ಮಾತ್ರ ಒಂದು ವರ್ಷವೂ ಬಾಳಲಿಲ್ಲ. 1939ರ ಜುಲೈನಲ್ಲಿ ಮಿಲಾನ್‌ನಲ್ಲಿ ಜರ್ಮನಿಯ ರುಡಾಲ್ಫ್ ಹಾರ್ಬಿಗ್ ಅದನ್ನು 1 ನಿಮಿಷ 46.6 ಸೆಕೆಂಡಿಗೆ ಇಳಿಸಿದರು.

ಅದೇ 1939ರ ಜೂನ್‌ನಲ್ಲಿ ವುಡರ್ಸನ್ ಅಮೆರಿಕದ ಪ್ರಿನ್ಸ್‌ಟನ್‌ಗೆ ಆಹ್ವಾನಿತರಾಗಿ ಹೋಗಿ, ಶತಮಾನದ ಮೈಲಿ ಎಂಬ ಭಾರಿ ಪ್ರಚಾರದೊಂದಿಗೆ ನಡೆದ ಓಟದಲ್ಲಿ, ಕೊನೆಯ ಸುತ್ತಿನಲ್ಲಿ ಪ್ರತಿಸ್ಪರ್ಧಿಯೊಬ್ಬರು ತಗುಲಿ ಲಯ ತಪ್ಪಿ, ಐವರಲ್ಲಿ ಐದನೆಯವರಾಗಿ ಮುಗಿಸಿದರು. ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾಯಿತು. 1940ರ ಒಲಿಂಪಿಕ್ಸ್ ಟೋಕಿಯೊದಿಂದ ಹೆಲ್ಸಿಂಕಿಗೆ ವರ್ಗವಾಗಿ ಕೊನೆಗೆ ರದ್ದಾಯಿತು, ಲಂಡನ್ನಿಗೆ ಗೊತ್ತಾಗಿದ್ದ 1944ರ ಕೂಟವೂ ರದ್ದಾಯಿತು. ವುಡರ್ಸನ್ ಅವರಿಗೆ 1940ರಲ್ಲಿ 26 ವರ್ಷ. ಮೈಲಿ ಓಟಗಾರನ ಕಸುವು ತುಂಬಿ ನಿಲ್ಲುವ ವಯಸ್ಸು ಅದೇ.

ದೃಷ್ಟಿ ಮಂದವಾಗಿದ್ದುದರಿಂದ ಅವರನ್ನು ರಣರಂಗಕ್ಕೆ ಕಳುಹಿಸಲಿಲ್ಲ. ಪಯೋನಿಯರ್ ದಳದಲ್ಲಿದ್ದುಕೊಂಡು ಲಂಡನ್ನಿನ ಮೇಲೆ ಬಾಂಬುಗಳು ಬಿದ್ದ ದಿನಗಳಲ್ಲಿ ಬೆಂಕಿ ನಂದಿಸುವ ಕೆಲಸ ಮಾಡಿದರು, ಆಮೇಲೆ ಸೇನೆಯ ತಾಂತ್ರಿಕ ದಳದಲ್ಲಿ ರಾಡಾರ್ ಕೆಲಸಕ್ಕೆ ನಿಯುಕ್ತರಾದರು. 1944ರಲ್ಲಿ ಅವರಿಗೆ ರುಮ್ಯಾಟಿಕ್ ಜ್ವರ ಬಂದಿತು. ಕೀಲುಗಳನ್ನು ಊದಿಸಿ ನೋಯಿಸುವ, ಹೃದಯದ ಕವಾಟಗಳಿಗೂ ಹಾನಿಮಾಡಬಲ್ಲ ಆ ಕಾಯಿಲೆಯಿಂದ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ ಅವರು ಮತ್ತೆ ಸ್ಪರ್ಧೆಗಿಳಿಯುವುದು ಅನುಮಾನವೆಂದು ವೈದ್ಯರು ಭಾವಿಸಿದ್ದರು.

ಆದರೆ ಮರುವರ್ಷವೇ, 1945ರ ಆಗಸ್ಟ್‌ನ ಬ್ಯಾಂಕ್ ರಜೆಯ ಸೋಮವಾರದಂದು, ಲಂಡನ್ನಿನ ವೈಟ್ ಸಿಟಿ ಕ್ರೀಡಾಂಗಣದಲ್ಲಿ ಅವರು ಸ್ವೀಡನ್ನಿನ ಆರ್ನೆ ಆಂಡರ್ಸನ್ ಎದುರು ನಿಂತರು. ಯುದ್ಧದಲ್ಲಿ ತಟಸ್ಥವಾಗಿ ಉಳಿದಿದ್ದ ಸ್ವೀಡನ್ನಿನಲ್ಲಿ ಆಂಡರ್ಸನ್ ಮತ್ತು ಹ್ಯಾಗ್ ವರ್ಷಕ್ಕೆ ವರ್ಷ ಪೈಪೋಟಿಯಲ್ಲಿ ಓಡಿ ಮೈಲಿಯ ದಾಖಲೆಯನ್ನು 4 ನಿಮಿಷ 1.4 ಸೆಕೆಂಡಿಗೆ ಇಳಿಸಿದ್ದರು. ಅತ್ತ ಬ್ರಿಟನ್ನಿನ ಓಟಗಾರರು ವರ್ಷಗಟ್ಟಲೆ ಪಡಿತರದ ಊಟದಲ್ಲಿ ಬದುಕಿ, ಸಿಪಾಯಿ ಕೆಲಸದ ನಡುವೆ ಬಿಡುವಾದಾಗ ಓಡಿದ್ದರು. ಯುದ್ಧದ ದಣಿವಿನಿಂದ ಹೊರಬರುತ್ತಿದ್ದ ಜನ ಐವತ್ತು ಸಾವಿರಕ್ಕೂ ಮಿಕ್ಕಿ ಸೇರಿದರು, ಒಳಗೆ ಜಾಗವಿಲ್ಲದೆ ಸಾವಿರಾರು ಮಂದಿ ಹೊರಗುಳಿದರು. ಆಂಡರ್ಸನ್ ಗೆದ್ದರು, ಆದರೆ ಅಂತರ ಕೇವಲ 0.4 ಸೆಕೆಂಡು. ತನಗಿಂತ ಎತ್ತರದ, ತನಗಿಂತ ಗಟ್ಟಿಮುಟ್ಟಾದ ಎದುರಾಳಿಯ ಪಕ್ಕದಲ್ಲಿ ಈ ಸಣಕಲು ಮನುಷ್ಯ ಕೊನೆಯವರೆಗೂ ಹೋರಾಡಿದ್ದನ್ನು ತಂದೆಯೊಂದಿಗೆ ಬಂದು ಕಂಡ ಪ್ರೇಕ್ಷಕರಲ್ಲಿ ಹದಿನಾರು ವರ್ಷದ ರೋಜರ್ ಬ್ಯಾನಿಸ್ಟರ್ ಕೂಡ ಇದ್ದರು. ಮುಂದಿನ ತಿಂಗಳು ಗೋಥೆನ್‌ಬರ್ಗಿನಲ್ಲಿ ಮತ್ತೆ ಓಡಿದಾಗಲೂ ಆಂಡರ್ಸನ್ ಅವರೇ ಮುಂದಾದರು. ಆದರೆ ವುಡರ್ಸನ್ ದಾಖಲಿಸಿದ 4 ನಿಮಿಷ 4.2 ಸೆಕೆಂಡು ಅವರ ಬದುಕಿನ ಅತ್ಯುತ್ತಮ ಮೈಲಿಯಾಗಿತ್ತು. ಮೂವತ್ತೊಂದು ತುಂಬಿದ, ಹಿಂದಿನ ವರ್ಷವಷ್ಟೇ ಹಾಸಿಗೆ ಹಿಡಿದಿದ್ದ ವ್ಯಕ್ತಿ ತನ್ನದೇ ಹಳೆಯ ವಿಶ್ವದಾಖಲೆಗಿಂತ ಎರಡು ಸೆಕೆಂಡು ವೇಗವಾಗಿ ಓಡಿದ್ದರು ಎಂಬುದನ್ನು ನೆನೆದರೆ, ಯುದ್ಧವಿಲ್ಲದಿದ್ದಲ್ಲಿ ಅವರು ಎಲ್ಲಿಗೆ ಮುಟ್ಟುತ್ತಿದ್ದರೆಂಬ ಪ್ರಶ್ನೆ ತಾನಾಗಿ ಏಳುತ್ತದೆ. ಇತ್ತ ಆಂಡರ್ಸನ್ ಮತ್ತು ಹ್ಯಾಗ್ ಇಬ್ಬರನ್ನೂ, ಓಟಕ್ಕೆ ಹಣ ಪಡೆದರೆಂಬ ಕಾರಣಕ್ಕೆ, ಸ್ವಲ್ಪ ಸಮಯದಲ್ಲೇ ಹವ್ಯಾಸಿ ಕ್ರೀಡೆಯಿಂದ ಶಾಶ್ವತವಾಗಿ ಹೊರಗಿಡಲಾಯಿತು.

ಈ ಹಂತದಲ್ಲಿ ಬೇರೆಯವರಾಗಿದ್ದರೆ ನಿವೃತ್ತರಾಗುತ್ತಿದ್ದರು; ವುಡರ್ಸನ್ ದೂರವನ್ನು ಹೆಚ್ಚಿಸಿಕೊಂಡರು. ವಯಸ್ಸಾದಂತೆ ಸ್ನಾಯುಗಳ ಚುರುಕು ಕುಗ್ಗಿದರೂ ಉಸಿರಿನ ತಾಳಿಕೆ ಬಹುಕಾಲ ಉಳಿಯುತ್ತದೆ ಎಂಬುದು ಓಟಗಾರರ ಅನುಭವ. 1946ರ ಆಗಸ್ಟ್‌ನಲ್ಲಿ ಆಸ್ಲೋದಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನ 5000 ಮೀಟರ್ ಓಟಕ್ಕೆ ನಿಂತವರ ಸಾಲು ಇಂದು ಓದಿದರೂ ಬೆರಗು ಹುಟ್ಟಿಸುತ್ತದೆ: 10,000 ಮೀಟರಿನ ವಿಶ್ವದಾಖಲೆ ಹೊಂದಿದ್ದ ಫಿನ್ಲೆಂಡಿನ ವಿಲ್ಯೊ ಹೈನೊ, ನೆದರ್ಲೆಂಡ್ಸಿನ ವಿಮ್ ಸ್ಲೈಕ್‌ಹೌಸ್, ಎರಡು ವರ್ಷಗಳ ನಂತರ ಒಲಿಂಪಿಕ್ ಚಿನ್ನ ಗೆಲ್ಲಲಿದ್ದ ಬೆಲ್ಜಿಯಮಿನ ಗಾಸ್ತೊನ್ ರೈಫ್, ಜೊತೆಗೆ ಆಗಿನ್ನೂ ಹೊರಗಿನವರಿಗೆ ಹೆಚ್ಚು ಗೊತ್ತಿರದ, 23 ವರ್ಷದ ಜೆಕ್ ತರುಣ ಎಮಿಲ್ ಜಾಟೊಪೆಕ್. ವುಡರ್ಸನ್ ತಮ್ಮ ಹಳೆಯ ತಂತ್ರವನ್ನೇ ಈ ಉದ್ದದ ಓಟಕ್ಕೂ ಹೊಂದಿಸಿಕೊಂಡು, ಮುಂದಿನವರ ನೆರಳಿನಂತೆ ಸಾಗಿ, ಕೊನೆಯ ಸುತ್ತಿನಲ್ಲಿ ಅರ್ಧ ಮೈಲಿ ಓಟಗಾರನ ವೇಗವನ್ನು ಹೊರತೆಗೆದಾಗ ಅದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. 14 ನಿಮಿಷ 8.6 ಸೆಕೆಂಡುಗಳಲ್ಲಿ ಅವರು ಮುಗಿಸಿದ ಆ ದೂರವನ್ನು ಅದಕ್ಕಿಂತ ವೇಗವಾಗಿ ಓಡಿದ್ದವರು ಜಗತ್ತಿನಲ್ಲಿ ಹ್ಯಾಗ್ ಒಬ್ಬರೇ. ಸ್ಲೈಕ್‌ಹೌಸ್ ಐದು ಸೆಕೆಂಡಿಗೂ ಹೆಚ್ಚು ಹಿಂದೆ ಉಳಿದರು, ಹೈನೊ ನಾಲ್ಕನೆಯವರಾದರು, ಜಾಟೊಪೆಕ್ ಐದನೆಯವರಾದರು, ರೈಫ್ ಆರನೆಯವರಾದರು. ವುಡರ್ಸನ್ ಅವರ ಎಲ್ಲ ಓಟಗಳಲ್ಲಿ ಇದೇ ಶ್ರೇಷ್ಠವೆಂದು ಹೇಳಲು ಹಿಂಜರಿಯಬೇಕಾಗಿಲ್ಲ. ಮೈಲಿಯ ದಾಖಲೆಯಲ್ಲಿ ನೆರವಿತ್ತು, ಆಸ್ಲೋದಲ್ಲಿದ್ದುದು ಬರೀ ಎದುರಾಳಿಗಳು.

1948ರಲ್ಲಿ ಅವರು ಷೆಫೀಲ್ಡಿನಲ್ಲಿ ನಡೆದ ಇಂಗ್ಲೆಂಡಿನ ರಾಷ್ಟ್ರೀಯ ಕ್ರಾಸ್‌ಕಂಟ್ರಿ ಸ್ಪರ್ಧೆಯನ್ನು ಗೆದ್ದರು. ಕ್ರಾಸ್‌ಕಂಟ್ರಿ ಎಂದರೆ ಟ್ರ್ಯಾಕನ್ನು ಬಿಟ್ಟು ಹುಲ್ಲು, ಕೆಸರು, ದಿಣ್ಣೆ, ಇಳಿಜಾರುಗಳ ಮೇಲೆ ಓಡುವ ಚಳಿಗಾಲದ ಓಟ, ಹಳೆಯ ಮೊಲ-ಬೇಟೆನಾಯಿಗಳ ಆಟದ ನೇರ ಸಂತತಿ. ರಾಷ್ಟ್ರೀಯ ಸ್ಪರ್ಧೆಯ ದೂರ ಹತ್ತು ಮೈಲಿ. ಅರ್ಧ ಮೈಲಿಯ ವಿಶ್ವದಾಖಲೆ ಮಾಡಿದ ಹತ್ತು ವರ್ಷಗಳ ಮೇಲೆ ಅದರ ಇಪ್ಪತ್ತು ಪಟ್ಟು ದೂರವನ್ನು ಗೆಲ್ಲುವ ಮೂಲಕ ಅವರ ಸ್ಪರ್ಧಾಜೀವನ ಬಹುಮಟ್ಟಿಗೆ ಮುಗಿಯಿತು.

ಅದೇ ವರ್ಷದ ಬೇಸಗೆಯಲ್ಲಿ ಒಲಿಂಪಿಕ್ಸ್ ಲಂಡನ್ನಿಗೆ ಬಂದಾಗ, ವೆಂಬ್ಲಿ ಕ್ರೀಡಾಂಗಣದೊಳಗೆ ಜ್ಯೋತಿಯನ್ನು ಹೊತ್ತು ತರುವ ಗೌರವ ವುಡರ್ಸನ್ ಅವರಿಗೆ ಸಲ್ಲುತ್ತದೆಂದು ವ್ಯಾಪಕವಾಗಿ ನಂಬಲಾಗಿತ್ತು. ಜ್ಯೋತಿ ಹಿಡಿದು ಬಂದವರು ಜಾನ್ ಮಾರ್ಕ್ ಎಂಬ ಎತ್ತರದ, ಸುಂದರ ಮೈಕಟ್ಟಿನ ಕೇಂಬ್ರಿಜ್ ಓಟಗಾರ. ವ್ಯವಸ್ಥಾಪಕರಿಗೆ ಬೇಕಾದದ್ದು ಗ್ರೀಕ್ ಶಿಲ್ಪದಂಥ ರೂಪ, ಕನ್ನಡಕ ಧರಿಸಿದ ಪುಟ್ಟ ದೇಹದ ವಕೀಲರದಲ್ಲ ಎಂದು ಜನ ಅರ್ಥಮಾಡಿಕೊಂಡರು. ಆ ಆಯ್ಕೆ ಸಣ್ಣತನದ್ದಾಗಿತ್ತು. ಗೋಥೆನ್‌ಬರ್ಗಿನಲ್ಲಿ ವುಡರ್ಸನ್ ಬರೆದ ಬ್ರಿಟಿಷ್ ಮೈಲಿ ದಾಖಲೆಯನ್ನು 1953ರ ಮೇ ತಿಂಗಳಲ್ಲಿ ಮುರಿದವರು ವೈಟ್ ಸಿಟಿಯ ಆ ಹದಿನಾರರ ಹುಡುಗ ಬ್ಯಾನಿಸ್ಟರ್ ಅವರೇ. ಬ್ರಿಟಿಷ್ ಸರ್ಕಾರ ವುಡರ್ಸನ್ ಅವರಿಗೆ ಎಂಬಿಇ ಪದವಿ ನೀಡಿದ್ದು 2000ದಲ್ಲಿ, ಅವರ 85ನೆಯ ವಯಸ್ಸಿನಲ್ಲಿ. ಅವರು ತೀರಿಕೊಂಡದ್ದು 2006ರ ಡಿಸೆಂಬರ್ 21ರಂದು, ಡಾರ್ಸೆಟ್ ಪ್ರಾಂತದ ವೇರಮ್ ಎಂಬ ಸಣ್ಣ ಊರಿನಲ್ಲಿ.